ಮೊಮ್ಮಗಳು ಓಡುತ್ತಾಳಂತೆ!

ಸೋದರಿಯರೇ, ಹೋದ ವಾರ ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ದೊಡ್ಡ ರಾದ್ಧಾಂತ. ಮೊಮ್ಮಗಳು ಕಾಲೇಜಿನ ಓಟದ ಪಂದ್ಯಕ್ಕೆ ಹೆಸರು ಕೊಟ್ಟು ಬಂದಿದ್ದಳು. "ಪರೀಕ್ಷೆ ಹತ್ತಿರ ಬಂತು, ಓಡಿದರೆ ಹೊಟ್ಟೆ ತುಂಬುತ್ತಾ?" ಅಂತ ನನ್ನ ಮಗ. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದೆ. "ಬೆಳಗಾವಿಯ ಫಡೆಪ್ಪ ಚೌಗುಲೆ ಗೊತ್ತೇನೋ?" ಎಂದೆ. ಗೊತ್ತಿರಲಿಲ್ಲ. ನಿಮ್ಮಲ್ಲಾದರೂ ಎಷ್ಟು ಜನಕ್ಕೆ ಗೊತ್ತು, ಹೇಳಿ? 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತರ ಹುಡುಗರನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಮರುವರ್ಷವೇ ಆಂಟ್‌ವರ್ಪ್ ಒಲಿಂಪಿಕ್ಸ್. ಅಲ್ಲಿನ ಮ್ಯಾರಥಾನ್‌ನಲ್ಲಿ ನಮ್ಮ ಚೌಗುಲೆ 19ನೆಯವರು!

ವಿಮಾನದ ಪಂದ್ಯದ ಕಥೆ ಇನ್ನೂ ಸೊಗಸು. 1930ರ ಆಗಾ ಖಾನ್ ಬಹುಮಾನಕ್ಕೆ ಇಂಗ್ಲೆಂಡ್-ಭಾರತದ ನಡುವೆ ಒಬ್ಬರೇ ಹಾರಬೇಕು. 17 ವರ್ಷದ ಆಸ್ಪಿ ಇಂಜಿನಿಯರ್ ಸ್ಪಾರ್ಕ್ ಪ್ಲಗ್ ಇಲ್ಲದೆ ಈಜಿಪ್ಟಿನಲ್ಲಿ ಸಿಕ್ಕಿಕೊಂಡ. ಎದುರು ದಿಕ್ಕಿನಿಂದ ಬಂದಿಳಿದ ಪ್ರತಿಸ್ಪರ್ಧಿ ಜೆ.ಆರ್.ಡಿ. ಟಾಟಾ ತಮ್ಮಲ್ಲಿದ್ದುದನ್ನು ಕೊಟ್ಟರು. ಗೆದ್ದದ್ದು ಆಸ್ಪಿ! ಮುಂದೆ ಅವರೇ ನಮ್ಮ ಬೆಂಗಳೂರಿನ ಎಚ್.ಎ.ಎಲ್. ನಡೆಸಿದರು, 1960ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು.

"ನಿನಗ್ಯಾಕಮ್ಮ ಇದೆಲ್ಲ?" ಅಂದ ಮಗ. ಎಂದೂ ಹೇಳದ್ದನ್ನು ಆಗ ಹೇಳಿದೆ. ಕಾಲೇಜಿನ ನೂರು ಮೀಟರ್ ಓಟದಲ್ಲಿ ನಾನೇ ಮೊದಲು. ಮುಂದಿನ ಪಂದ್ಯಕ್ಕೆ ಹೋಗುವ ಮೊದಲೇ ಮದುವೆ ಗೊತ್ತಾಯಿತು. ಗೆದ್ದ ಕಪ್ಪು ತವರಿನ ಅಟ್ಟದಲ್ಲೇ ಉಳಿಯಿತು.

ಅವನು ಏನೂ ಮಾತಾಡಲಿಲ್ಲ. ಭಾನುವಾರ ಮಗಳಿಗೆ ಶೂ ತಂದ. ಒಂದು ಸೈಜು ದೊಡ್ಡದಾಗಿದೆ, ನಾಳೆ ಬದಲಾಯಿಸಬೇಕು.