ಬೇಗ ಓಡಬೇಕಾ? ಮೊದಲು ಸಾವಕಾಶ ಓಡಿ

ಬೆಳಗಿನ ಐದು ಗಂಟೆಗೆ ಬೈಲಹೊಂಗಲದ ಯಾವ ಹೊರರಸ್ತೆಗೆ ಹೋದರೂ ಹುಡುಗರು ಓಡುತ್ತಿರುತ್ತಾರೆ. ಕಿತ್ತೂರಿನಲ್ಲೂ ಅಷ್ಟೇ, ಸವದತ್ತಿ, ರಾಮದುರ್ಗದಲ್ಲೂ ಅಷ್ಟೇ. ತೂಕ ಇಳಿಸಲು ಓಡುವವರು ಇವರಲ್ಲಿ ಕಡಿಮೆ. ಹೆಚ್ಚಿನವರದು ನೌಕರಿಯ ಓಟ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ. ಸೈನ್ಯದ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ. ಬೆಳಗಾವಿಯಲ್ಲೇ ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದರಿಂದ ನಮ್ಮ ಕಡೆ ಮಿಲಿಟ್ರಿ ಅನ್ನೋದು ದೂರದ ಮಾತಲ್ಲ. ಓಣಿಗೊಬ್ಬರಾದರೂ ಇರುತ್ತಾರೆ.

ಆ ಹುಡುಗರಲ್ಲಿ ನನ್ನ ತಮ್ಮನೂ ಒಬ್ಬ. ನಮ್ಮ ತವರು ರಾಮದುರ್ಗ, ಅಪ್ಪ ನೇಕಾರ. ತಮ್ಮ ಒಂದು ಸಲ ಲಿಖಿತ ಪರೀಕ್ಷೆ ಪಾಸಾಗಿ, ಮೈದಾನದಲ್ಲಿ 11 ಸೆಕೆಂಡು ತಡವಾಗಿ ಮುಟ್ಟಿ ನೌಕರಿ ಕಳಕೊಂಡ. ಹನ್ನೊಂದು ಸೆಕೆಂಡು! ಫೋನ್ ಎತ್ತಿ ‘ಹಲೋ, ಯಾರ್ರಿ?’ ಅನ್ನೋದರೊಳಗೆ ಮುಗಿದು ಹೋಗುವಷ್ಟು ಹೊತ್ತು. ಆಮೇಲೆ ಅವನು ತರಬೇತಿ ಕೊಡುವ ಒಂದು ಕಡೆ ಸೇರಿಕೊಂಡ. ಅಲ್ಲಿ ದಿನಾ ಟೈಮಿಂಗ್. ಸೋಮವಾರ ಜೋರು, ಮಂಗಳವಾರ ಜೋರು, ಬುಧವಾರ ಇನ್ನೂ ಜೋರು. ಎರಡು ತಿಂಗಳಿಗೆ ಮೊಣಕಾಲಿನ ಕೆಳಗೆ ಮುಂದಿನ ಎಲುಬಿನುದ್ದಕ್ಕೂ ನೋವು ಶುರುವಾಯಿತು. ನಾಲ್ಕು ವಾರ ಓಡಲೇಬಾರದು ಎಂದರು ಡಾಕ್ಟರು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವನಿಗೆ ಉಳಿದಿದ್ದು ಇನ್ನೊಂದೇ ಅವಕಾಶ. ಮನೆಯಲ್ಲಿ ಮಗ್ಗದ ಮುಂದೆ ಕೂತರೆ ಅಪ್ಪನ ಮುಖ ನೋಡಲಾಗುವುದಿಲ್ಲ ಅಂತ ಬೈಲಹೊಂಗಲಕ್ಕೆ, ನನ್ನ ಗಂಡನ ಮನೆಗೆ ಬಂದ.

ನಾನು ಓಡಲು ಶುರು ಮಾಡಿದ್ದು ಹೀಗೆ. ಅವನಿಗೆ ಟೈಮ್ ಹಿಡಿಯಲು ಒಬ್ಬರು ಬೇಕಿತ್ತು, ಫೋನ್ ಹಿಡಿದು ನಿಂತೆ. ಒಂದು ವಾರ ನಿಂತು ನಿಂತು ಬೇಸರ ಬಂತು. ಬ್ಯಾಂಕಿನಲ್ಲಿ ದಿನವಿಡೀ ಕೂರುವ ಕೆಲಸ, ವಯಸ್ಸು 32, ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿಯಲು ಬಿಟ್ಟರೆ ಇನ್ಯಾವುದಕ್ಕೂ ಓಡಿದವಳಲ್ಲ. ಒಂದು ನಿಮಿಷ ಓಡು, ಒಂದು ನಿಮಿಷ ನಡಿ. ಹತ್ತು ಸಲ. ಮೊದಲ ದಿನದ ಪಾಠ ಇಷ್ಟೇ.

ಅತ್ತಿಗೆ ಸರಿ ಬರಲಿಲ್ಲ. ‘ಬೆಳಗಾಮುಂಜಾನೆ ಸೊಸಿ ರಸ್ತ್ಯಾಗ ಓಡಿದ್ರ ಮಂದಿ ಏನಂತಾರವಾ?’ ಎಂದರು. ‘ತಮ್ಮ ಜೋಡಿ ಇರ್ತಾನಲ್ರಿ ಅತ್ತೀ’ ಎಂದೆ. ಆ ಮಾತಿಗೆ ಸುಮ್ಮನಾದರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಓಡುವುದಕ್ಕೆ ಕಾಲಿಗಿಂತ ಮೊದಲು ಇಂಥದ್ದೊಂದು ಉತ್ತರ ತಯಾರಿರಬೇಕು. ಕಿತ್ತೂರು ಚೆನ್ನಮ್ಮನ ಸಮಾಧಿ ಇರುವ ಊರಿನಲ್ಲೂ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೇಗ ಓಡಬೇಕು ಅನ್ನುವವರು ವಾರದ ಹೆಚ್ಚಿನ ದಿನ ಸಾವಕಾಶ ಓಡಬೇಕು. ಕೇಳಲು ಉಲ್ಟಾ ಅನಿಸುತ್ತದೆ, ತಮ್ಮನಿಗಂತೂ ಸಿಟ್ಟೇ ಬಂತು. ‘ಅಕ್ಕಾ, ಇಷ್ಟ ಸಾವಕಾಶ ಓಡೂದಾದ್ರ ನಡಕೊಂಡ ಹೋಗೂದ ಚಲೋ ಅಲ್ಲೇನ?’

ಅವನಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ. ಆರೂವರೆ ನಿಮಿಷದ ಓಟದಲ್ಲಿ ದೇಹ ಖರ್ಚು ಮಾಡುವ ಶಕ್ತಿಯ ಬಹುಪಾಲು ಆಮ್ಲಜನಕದ ಸಹಾಯದಿಂದಲೇ ಬರುತ್ತದೆ. ಹತ್ತು ಕಿಲೋಮೀಟರ್ ಆದರೆ ಹೆಚ್ಚುಕಡಿಮೆ ಎಲ್ಲವೂ. ಆ ಆಮ್ಲಜನಕವನ್ನು ಸ್ನಾಯುಗಳಿಗೆ ಮುಟ್ಟಿಸುವ ವ್ಯವಸ್ಥೆ ಬೆಳೆಯಬೇಕು. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯಬೇಕು, ಸ್ನಾಯುಗಳಲ್ಲಿ ಕೂದಲಿನಂಥ ರಕ್ತನಾಳಗಳು ಹೆಚ್ಚಬೇಕು, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಹೆಚ್ಚಬೇಕು. ಇದೆಲ್ಲ ನಡೆಯುವುದು ತುಂಬಾ ಹೊತ್ತು ಓಡುವುದರಿಂದ. ದಿನಾ ಏದುಸಿರು ಬಿಡುತ್ತಾ ಓಡಿದರೆ ತುಂಬಾ ಹೊತ್ತು ಓಡಲು ಆಗುವುದೇ ಇಲ್ಲ. ಇನ್ನೊಂದು ಮಾತು: ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಎಲುಬು ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉತ್ಸಾಹ ಬಂದ ಹೊಸಬರ ಕಾಲು ನೋಯುವುದು ಈ ನಡುವಿನ ಸಮಯದಲ್ಲೇ.

ಇದು ನನ್ನ ಸ್ವಂತ ಸಂಶೋಧನೆಯಲ್ಲ ಬಿಡಿ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಎಂಬ ತರಬೇತುದಾರ 1960ರ ಸುಮಾರಿಗೇ ಇದನ್ನು ಮಾಡಿ ತೋರಿಸಿದ್ದರು. ಅವರ ಶಿಷ್ಯ ಪೀಟರ್ ಸ್ನೆಲ್ ಓಡಬೇಕಿದ್ದದ್ದು ಬರೀ 800 ಮೀಟರ್, ಎರಡು ನಿಮಿಷವೂ ಇಲ್ಲದ ಓಟ. ಆದರೂ ಲಿಡಿಯರ್ಡ್ ಆತನನ್ನು ಮ್ಯಾರಥಾನ್ ಓಟಗಾರರ ಜೊತೆ ಸೇರಿಸಿ ವಾರಕ್ಕೆ 100 ಮೈಲಿಯ ಸುಮಾರಿಗೆ ಓಡಿಸಿದರು. ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನಾವೇನು 100 ಮೈಲಿ ಓಡಬೇಕಿಲ್ಲ. ವಾರಕ್ಕೆ ನಾಲ್ಕು ದಿನ ಸಾಕು: ಮೂರು ದಿನ ಸಾವಕಾಶ, ಒಂದು ದಿನ ಜೋರು.

ಸಾವಕಾಶ ಅಂದರೆ ಎಷ್ಟು? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು. ನಾವಿಬ್ಬರೂ ಇದಕ್ಕೊಂದು ಪರೀಕ್ಷೆ ಇಟ್ಟುಕೊಂಡಿದ್ದೇವೆ, ಓಡುತ್ತಲೇ ಒಂದು ವಚನ ಹೇಳೋದು. ನಡುವೆ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತು ಅಂತ ಅರ್ಥ. ಯಾವ ವಾಚೂ ಬೇಕಾಗಿಲ್ಲ. ಎಂಟನೇ ವಾರಕ್ಕೆ ನಾನು ನಿಲ್ಲದೆ 5 ಕಿಲೋಮೀಟರ್ ಓಡಿದೆ, 43 ನಿಮಿಷದಲ್ಲಿ. ಪಕ್ಕದಲ್ಲಿ ಎಮ್ಮೆ ಹೊಡಕೊಂಡು ಹೊರಟಿದ್ದ ಕಾಕಾ ಒಬ್ಬರು ಸ್ವಲ್ಪ ದೂರ ನನ್ನ ಸಮಕ್ಕೇ ನಡೆದರು. ಇರಲಿ.

ತಮ್ಮನಿಗೆ ಮಾತ್ರ ತಾಳ್ಮೆ ಬರಲು ಇನ್ನೊಂದು ಕತೆ ಬೇಕಾಯಿತು, ಅದೂ ನಮ್ಮ ಜಿಲ್ಲೆಯದೇ. 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಡಿ 19ನೇ ಸ್ಥಾನ ಪಡೆದರು. ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಆ ವರ್ಷದ ಮ್ಯಾರಥಾನ್ ಈಗಿನ 42.195 ಕಿಲೋಮೀಟರಿಗಿಂತ ಉದ್ದ, 42.75 ಕಿಲೋಮೀಟರ್. ಒಂದು ರಾತ್ರಿ ಊಟ ಮಾಡುತ್ತಾ ಫೋನಿನಲ್ಲಿ ಭಾಗಾಕಾರ ಮಾಡಿ ತೋರಿಸಿದೆ: ಕಿಲೋಮೀಟರಿಗೆ ಸರಿಸುಮಾರು 4 ನಿಮಿಷ. ತಮ್ಮನ 1600 ಮೀಟರಿಗೆ ಬೇಕಾದ ವೇಗ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡು. ಅಂದರೆ ಇವತ್ತು ನಮ್ಮ ಹುಡುಗರು ಒಂದು ಮೈಲಿ ಹಿಡಿದಿಡಲು ಒದ್ದಾಡುವ ವೇಗಕ್ಕಿಂತ ಒಂದು ಕೈ ಮೇಲಿನ ವೇಗವನ್ನು ಬೆಳಗಾವಿಯ ಒಬ್ಬ ಮನುಷ್ಯ ನೂರು ವರ್ಷದ ಹಿಂದೆ ಸುಮಾರು ಮೂರು ತಾಸು ಹಿಡಿದಿದ್ದರು. ತಮ್ಮ ರೊಟ್ಟಿ ಮುರಿಯೋದು ಬಿಟ್ಟು ಲೆಕ್ಕವನ್ನು ಎರಡು ಸಲ ತಾನೇ ಮಾಡಿ ನೋಡಿದ. ‘ಅವರೇನ್ ದಿನಾ ಟೈಮಿಂಗ್ ಕೊಡತಿದ್ರೇನಕ್ಕಾ’ ಎಂದ. ಮರುದಿನದಿಂದ ಸಾವಕಾಶದ ದಿನ ನನ್ನನ್ನು ಹಿಂದೆ ಹಾಕೋದು ಬಿಟ್ಟ.

ಜೋರಿನ ದಿನ ಗುರುವಾರ. ಆರೂವರೆ ನಿಮಿಷಕ್ಕೆ 1600 ಮೀಟರ್ ಅಂದರೆ 400 ಮೀಟರಿನ ಒಂದು ಸುತ್ತಿಗೆ 97.5 ಸೆಕೆಂಡು. ಅವನು 97 ಸೆಕೆಂಡಿಗೆ ಒಂದು ಸುತ್ತು ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡುತ್ತಾನೆ. ಆರು ಸಲ. ಷರತ್ತು ಒಂದೇ: ಮೊದಲ ಸುತ್ತನ್ನು 85 ಸೆಕೆಂಡಿನಲ್ಲಿ ಓಡಿ ಹೀರೋ ಆಗುವಂತಿಲ್ಲ. ಭರ್ತಿ ಮೈದಾನಗಳಲ್ಲಿ ಹುಡುಗರು ಸೋಲುವುದನ್ನು ನೋಡಿದ್ದೀರಾ? ಸೀಟಿ ಹೊಡೆದ ಕೂಡಲೇ ಕುದುರೆ ಹಾಗೆ ಹೋಗಿ, ಮೂರನೇ ಸುತ್ತಿಗೆ ಕಾಲು ಎತ್ತಲಾಗದೆ ನಿಂತುಬಿಡುತ್ತಾರೆ. ನನ್ನದು ಇದೇ ಪಾಠ, ಗಡಿಯಾರ ಮಾತ್ರ ಬೇರೆ. ಹತ್ತು ಕಿಲೋಮೀಟರನ್ನು ಒಂದು ತಾಸಿನಲ್ಲಿ ಮುಗಿಸಬೇಕು ಅನ್ನುವ ಹುಚ್ಚು ಹಿಡಿದಿತ್ತು. ಕಿಲೋಮೀಟರಿಗೆ 6 ನಿಮಿಷ, ಸುತ್ತಿಗೆ 2 ನಿಮಿಷ 24 ಸೆಕೆಂಡು.

ಹೊಸಬರು ಪ್ರಗತಿ ಅಳೆಯಲು ಪ್ರತಿ ವಾರ ಪೂರ್ತಿ ಜೋರಿನಲ್ಲಿ ಓಡಿ ನೋಡುತ್ತಾರೆ. ಬೇಡ. ಅದೇ ರಸ್ತೆ, ಅದೇ ವಚನ ಹೇಳುವ ಉಸಿರು, ಎಷ್ಟು ಹೊತ್ತು ಹಿಡಿಯಿತು ನೋಡಿ, ಅದೂ ತಿಂಗಳಿಗೊಮ್ಮೆ. ಎರಡನೇ ತಿಂಗಳಲ್ಲಿ ಆ ಉಸಿರಿಗೆ ನನಗೆ ಕಿಲೋಮೀಟರಿಗೆ ಎಂಟೂವರೆ ನಿಮಿಷ ಬೇಕಿತ್ತು. ಎಂಟನೇ ತಿಂಗಳಲ್ಲಿ ಏಳೂಕಾಲು. ಸಾವಕಾಶದ ಓಟವೇ ತಾನಾಗಿ ಬೇಗ ಆಗಿತ್ತು.

ನಮ್ಮ ನಾಲ್ಕೂ ತಾಲೂಕುಗಳ ರಸ್ತೆಗಳು ನಾಲ್ಕು ಥರದ ಪಾಠ. ಬೈಲಹೊಂಗಲದ್ದು ಎರೆ ಭೂಮಿ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಬೂಟಿಗೆ ಒಂದೊಂದು ಕಿಲೋ ಮಣ್ಣು ಅಂಟಿಕೊಳ್ಳುತ್ತದೆ, ಡಾಂಬರು ಬಿಡಬಾರದು. ಕಬ್ಬಿನ ಹಂಗಾಮು ಶುರುವಾದರೆ ಅದೇ ಡಾಂಬರಿನ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಕೆಲವಕ್ಕೆ ಹಿಂದೆ ದೀಪವೂ ಇರೋದಿಲ್ಲ. ವಾಹನ ಎದುರಿಗೆ ಕಾಣುವಂತೆ ರಸ್ತೆಯ ಬಲಬದಿಗೆ ಓಡಿ, ತಿಳಿ ಬಣ್ಣದ ಅಂಗಿ ಹಾಕಿ, ಇಯರ್‌ಫೋನ್ ಮನೆಯಲ್ಲೇ ಬಿಡಿ. ಕಿತ್ತೂರು ಮಲೆನಾಡಿನ ಸೆರಗು, ಗಾಳಿ ತಂಪು. ನನ್ನ ಅಕ್ಕನ ಮನೆ ಅಲ್ಲಿದೆ. ಭಾನುವಾರದ ಉದ್ದ ಓಟಕ್ಕೆ ಅದೇ ನಮ್ಮ ಊರು. ಪುಣೆ–ಬೆಂಗಳೂರು ಹೆದ್ದಾರಿಯ ಕಡೆ ಮಾತ್ರ ತಲೆ ಹಾಕುವುದಿಲ್ಲ, ಹಳ್ಳಿ ರಸ್ತೆ ಹಿಡಿಯುತ್ತೇವೆ.

ಸವದತ್ತಿ ಅಂದರೆ ಏರು. ಊರಿನಿಂದ ಯಲ್ಲಮ್ಮನ ಗುಡ್ಡಕ್ಕೆ ಸುಮಾರು 5 ಕಿಲೋಮೀಟರ್. ತಿಂಗಳಿಗೆ ಎರಡು ಸಲ ಆ ರಸ್ತೆಯ ಒಂದು ಏರಿನಲ್ಲಿ ಒಂದು ನಿಮಿಷ ಮೇಲಕ್ಕೆ ಓಡಿ, ನಡೆದು ಇಳಿಯುತ್ತೇವೆ. ಆರು ಸಲ ಆಗುವಷ್ಟರಲ್ಲಿ ಯಲ್ಲಮ್ಮನೇ ಕಾಪಾಡಬೇಕು. ಆದರೆ ಏರಿನಲ್ಲಿ ಕಾಲಿಗೆ ಬಲ ಬರುತ್ತದೆ, ಸಪಾಟು ರಸ್ತೆಯಲ್ಲಿ ಅಷ್ಟೇ ಕಷ್ಟಪಟ್ಟು ಓಡಿದಾಗ ಬೀಳುವಷ್ಟು ಪೆಟ್ಟು ಎಲುಬಿಗೆ ಬೀಳುವುದಿಲ್ಲ. ಇಳಿಜಾರಿನಲ್ಲಿ ಓಡಬೇಡಿ, ತೊಡೆ ಮೂರು ದಿನ ಮಾತಾಡುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಸುಮಾರಿಗೆ ಆ ಕಡೆ ಓಡುವ ಯೋಚನೆಯೂ ಬೇಡ, ಚಕ್ಕಡಿ, ಟ್ರ್ಯಾಕ್ಟರು, ಭಕ್ತರು ಸೇರಿ ನಡೆಯಲೂ ಜಾಗ ಇರುವುದಿಲ್ಲ. ರಾಮದುರ್ಗ ಬಿಸಿಲಿನ ಊರು. ಏಪ್ರಿಲ್‌ನಲ್ಲಿ ತವರಿಗೆ ಹೋದಾಗ ನನ್ನ ವೇಗ ಕಿಲೋಮೀಟರಿಗೆ ಅರ್ಧ ನಿಮಿಷ ಕುಸಿಯಿತು. ಹೆದರಬೇಕಿಲ್ಲ. ಮೈ ತಂಪು ಮಾಡಲು ದೇಹ ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ, ಕಾಲಿಗೆ ಪಾಲು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಗಡಿಯಾರ ಬಿಟ್ಟು ಉಸಿರು ನೋಡಿ ಓಡಬೇಕು.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ತಾಸಿನೊಳಗಿನ ಓಟಕ್ಕೆ ವಿಶೇಷವೇನೂ ಬೇಡ, ಒಂದು ಬಾಳೆಹಣ್ಣು ಸಾಕು. ಒಂದೂವರೆ ತಾಸು ದಾಟುವ ದಿನ ಜೇಬಿನಲ್ಲಿ ಬೆಲ್ಲದ ಚೂರು ಇರುತ್ತದೆ. ತಮ್ಮ ಒಮ್ಮೆ ಗೋಕಾಕದ ಕರದಂಟು ತಂದಿದ್ದ. ರುಚಿಗೇನೂ ಮೋಸವಿಲ್ಲ, ಆದರೆ ಗೋಡಂಬಿ, ತುಪ್ಪ ಬೇಗ ಕರಗುವುದಿಲ್ಲ, ಓಡುವಾಗ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಮನೆಗೆ ಬಂದು ತಿನ್ನಿ. ಓಟ ಮುಗಿದ ಮೇಲೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಇದಕ್ಕಿಂತ ದುಬಾರಿ ಪೌಡರು ನಮಗೆ ಬೇಕಾಗಿಲ್ಲ.

ನೋವಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸ್ನಾಯು ಹಿಡಿದುಕೊಂಡರೆ ಎರಡು ದಿನಕ್ಕೆ ಹೋಗುತ್ತದೆ. ಎಲುಬಿನ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ ಓಡುವುದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ‘ಗಂಡಸಾಗಿ ಇಷ್ಟಕ್ಕ ಅಳತೀ ಏನು’ ಅನ್ನುವವರ ಮಾತು ಕೇಳಿದರೆ ಎಲುಬಿನ ಸಣ್ಣ ಬಿರುಕು ದೊಡ್ಡದಾಗುತ್ತದೆ, ಭರ್ತಿಯ ವರ್ಷವೇ ಕೈ ಬಿಟ್ಟು ಹೋಗುತ್ತದೆ.

ಹೋದ ತಿಂಗಳು ಮೈದಾನದಲ್ಲಿ ತಮ್ಮನ ಟ್ರಯಲ್ ಹಿಡಿದೆ. ನಾಲ್ಕು ಸುತ್ತು: 96, 96, 96, 94. ಒಟ್ಟು 6 ನಿಮಿಷ 22 ಸೆಕೆಂಡು. ಮುಗಿಸಿದವನು ನೆಲಕ್ಕೆ ಬೀಳಲಿಲ್ಲ, ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನಡೆದು ಬಂದು ಫೋನ್ ಕಸಿದು ನೋಡಿದ. ಅಪ್ಪನಿಗೆ ಫೋನ್ ಹಚ್ಚಿದ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು, ಆಮೇಲೆ ನಿಂತಿತು. ‘ಎಂಟ ಸೆಕೆಂಡ ಉಳದಾವಪ್ಪಾ’ ಎಂದ.

ಲಿಖಿತ ಪರೀಕ್ಷೆ ಈ ಸಲವೂ ಪಾಸಾಗಿದ್ದಾನೆ, ಮೈದಾನಕ್ಕೆ ಕರೆಯುವ ದಿನಾಂಕ ಇನ್ನೂ ಬರಬೇಕು. ನನ್ನ ಹತ್ತು ಕಿಲೋಮೀಟರ್ 1 ಗಂಟೆ 1 ನಿಮಿಷ 40 ಸೆಕೆಂಡಿಗೆ ಬಂದು ನಿಂತಿದೆ, ಕಿಲೋಮೀಟರಿಗೆ ಹತ್ತು ಸೆಕೆಂಡು ಬಾಕಿ. ನಿನ್ನೆ ರಾತ್ರಿ ಅತ್ತಿ ಬಾಗಿಲು ಹಾಕುತ್ತಾ, ‘ಕಬ್ಬಿನ ಗಾಡಿ ಸುರು ಆಗ್ಯಾವಂತ, ನಾಳೆ ಆ ರಸ್ತೆಗೆ ಹೋಗಬ್ಯಾಡ್ರಿ ಇಬ್ಬರೂ’ ಎಂದರು. ಇನ್ನು ಮೂರು ತಿಂಗಳು ಮೈದಾನವನ್ನೇ ಸುತ್ತಬೇಕು, ಭಾನುವಾರ ಕಿತ್ತೂರು.