ಮೊಳೆಯಿಲ್ಲದ ತೇರು, ಗಿಯೊನ್ ಬೀದಿ

ಮೂರು ಕಡೆ ಬೆಟ್ಟ ಸುತ್ತುವರಿದ ಕ್ಯೋತೊ ನಗರದಲ್ಲಿ ಜುಲೈ ತಿಂಗಳ ಸೆಕೆ ಹೇಳತೀರದು. ಮಳೆಗಾಲ ಮುಗಿಯುವ ಹೊತ್ತು. ಸುರಿದು ನಿಂತ ಮಳೆಯ ಹಬೆ ರಸ್ತೆಯಿಂದ ಏಳುತ್ತಿರುತ್ತದೆ, ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ. ಜಪಾನಿನ ಬಹು ಪ್ರಸಿದ್ಧ ಹಬ್ಬ ಗಿಯೊನ್ ಮತ್ಸುರಿ ನಡೆಯುವುದು ಇಂಥ ತಿಂಗಳಲ್ಲೇ. ಹಬ್ಬ ಹುಟ್ಟಿದ್ದೂ ಈ ಸೆಕೆಯಿಂದಲೇ.

ಹಿಂದೆ ಬೇಸಿಗೆಯ ಮಳೆಗೆ ಕಾಮೊ ನದಿ ಉಕ್ಕಿದರೆ ಅದರ ಬೆನ್ನಿಗೇ ರೋಗ ಹರಡುತ್ತಿತ್ತು. 869ರಲ್ಲಿ ದೇಶಕ್ಕೆ ಮಾರಿಬೇನೆ ಬಡಿದಾಗ, ನಾಡಿನ ಒಂದೊಂದು ಪ್ರಾಂತ್ಯಕ್ಕೆ ಒಂದರಂತೆ 66 ಉದ್ದನೆಯ ಭರ್ಜಿಗಳನ್ನು ನೆಟ್ಟು, ರೋಗದ ಒಡೆಯನೆಂದು ನಂಬಿದ್ದ ಗೊಜು ತೆನ್ನೊ ಎಂಬ ಎತ್ತಿನ ತಲೆಯ ದೇವರನ್ನು ಶಾಂತಗೊಳಿಸಿದರು. ಈ ದೇವರು ನಮಗೆ ತೀರ ಅಪರಿಚಿತನೂ ಅಲ್ಲ. ಶ್ರಾವಸ್ತಿಯಲ್ಲಿ ಬುದ್ಧ ಮಳೆಗಾಲ ಕಳೆದ ಜೇತವನದ ಕಾವಲುಗಾರ ಇವನೇ ಎಂಬುದು ಅಲ್ಲಿಯವರ ನಂಬಿಕೆ. ಆ ಜೇತವನವೇ ಜಪಾನೀಯರ ಬಾಯಲ್ಲಿ ಗಿಯೊನ್ ಆಯಿತು. ಅಂದಿನ ಭರ್ಜಿಗಳೇ ಬೆಳೆದು ಇಂದಿನ 34 ತೇರುಗಳಾಗಿವೆ. 23 ತೇರುಗಳು ಜುಲೈ 17ರಂದು ಹೊರಡುತ್ತವೆ, ಉಳಿದ 11 ತೇರುಗಳು 24ರಂದು.

ವಸಂತದಲ್ಲೂ ಕ್ಯೋತೊಗೆ ದೊಡ್ಡ ಹಬ್ಬವಿದೆ. ಮೇ 15ರ ಆಓಯಿ ಮತ್ಸುರಿಯಲ್ಲಿ ಸಾವಿರ ವರ್ಷದ ಹಿಂದಿನ ಅರಮನೆಯ ಉಡುಪು ತೊಟ್ಟ ಐನೂರಕ್ಕೂ ಹೆಚ್ಚು ಜನ, ಹೂ ಹೊದ್ದ ಎತ್ತಿನ ಗಾಡಿಯೊಂದಿಗೆ ಮೌನವಾಗಿ ನಡೆದು ಹೋಗುತ್ತಾರೆ. ನೋಡಲು ಸೊಗಸು, ಆದರೆ ಅದು ಅರಮನೆಯ ಹಬ್ಬ. ಗಿಯೊನ್ ಕೇರಿಯ ಜನರ ಹಬ್ಬ. ನನ್ನ ಮನಸ್ಸು ಒಲಿದದ್ದು ಇದಕ್ಕೆ.

ಜುಲೈ 10ರಿಂದ ಶಿಜೊ ರಸ್ತೆಯ ಆಸುಪಾಸಿನ ಓಣಿಗಳಲ್ಲಿ ತೇರು ಕಟ್ಟುವ ಕೆಲಸ ಶುರುವಾಗುತ್ತದೆ. ಬ್ಯಾಂಕು, ಕಾಫಿ ಅಂಗಡಿಗಳ ಎದುರಿಗೇ ತೊಲೆಗಳನ್ನು ಇಳಿಸುತ್ತಾರೆ. ಮೊಳೆ ಹೊಡೆಯುವ ಸದ್ದು ಮಾತ್ರ ಎಲ್ಲೂ ಇಲ್ಲ. ಹುಲ್ಲಿನ ಹಗ್ಗವೊಂದೇ ಸಾಧನ. ತೊಲೆ ಕೂಡುವ ಕಡೆ ಹಗ್ಗವನ್ನು ಒಂದರ ಪಕ್ಕ ಒಂದು ಒತ್ತಾಗಿ ಸುತ್ತಿ, ನಡುವೆ ಬಿಗಿದು, ಮರದ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಕಟ್ಟು ಮುಗಿದಾಗ ಅಲ್ಲಿ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರ ಮೂಡಿರುತ್ತದೆ. ಚಂದಕ್ಕೆಂದು ಮಾಡಿದ್ದಲ್ಲ ಅದು. ತೇರು ಉರುಳುವಾಗ ಆಗುವ ಕುಲುಕಾಟವನ್ನು ಹಗ್ಗ ತನ್ನೊಳಗೆ ತಾಳಿಕೊಳ್ಳುತ್ತದೆ. ಮೊಳೆಯಾದರೆ ಮರವನ್ನು ಸೀಳಿಬಿಟ್ಟೀತು. ಹೀಗೆ ಹಗ್ಗದಲ್ಲೇ ನಿಲ್ಲುವ ದೊಡ್ಡ ತೇರುಗಳ ತೂಕ ಹತ್ತು ಟನ್ನು ದಾಟುತ್ತದೆ, ತುದಿಯ ಭರ್ಜಿಯವರೆಗೆ ಎತ್ತರ ಸುಮಾರು 25 ಮೀಟರ್. ಮೆರವಣಿಗೆ ಮುಗಿದ ಕೂಡಲೇ ಎಲ್ಲವನ್ನೂ ಬಿಚ್ಚಿ ಉಗ್ರಾಣಕ್ಕೆ ಸೇರಿಸುತ್ತಾರೆ.

16ರ ರಾತ್ರಿ ತೇರುಗಳ ಮುಂದೆ ಕಾಗದದ ದೀಪಗಳ ಸಾಲುಗಳು ಉರಿಯುತ್ತವೆ. ಮೇಲಿನ ಅಟ್ಟದಲ್ಲಿ ಒತ್ತಿ ಕುಳಿತವರು ಕಂಚಿನ ಜಾಗಟೆ, ಕೊಳಲು, ಡೋಲು ನುಡಿಸುತ್ತಾರೆ. ಕೊನ್-ಚಿಕಿ-ಚಿನ್ ಎಂಬ ಆ ನಾದ ಓಣಿಯಿಂದ ಓಣಿಗೆ ಬೆನ್ನಟ್ಟಿ ಬರುತ್ತದೆ. ಹಳೆಯ ವ್ಯಾಪಾರಿ ಮನೆತನದವರು ಬೀದಿ ಕಡೆಯ ಜಾಲರಿ ತೆಗೆದು, ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಚಿತ್ರದ ಮಡಿಕೆ ಪರದೆಗಳನ್ನು ದಾರಿಹೋಕರ ಕಣ್ಣಿಗೆ ಬೀಳುವಂತೆ ಇಡುತ್ತಾರೆ.

ನನ್ನನ್ನು ಬೆರಗುಗೊಳಿಸಿದ್ದು ತೇರುಗಳ ಮೈಮೇಲಿನ ಬಟ್ಟೆ. ಕಾಂಕೊ ತೇರಿನ ಮುಂಭಾಗದಲ್ಲಿ 16ನೆಯ ಶತಮಾನದ ಬೆಲ್ಜಿಯಂ ನೇಯ್ಗೆ ತೂಗುತ್ತದೆ. ಅದರಲ್ಲಿರುವುದು ಬೈಬಲ್ಲಿನ ರೆಬೆಕ್ಕ ನೀರು ಕೊಡುವ ದೃಶ್ಯ. ಕೋಯಿ ತೇರಿನ ಮೇಲೆ ಟ್ರಾಯ್ ನಗರದ ರಾಜ ಪ್ರಿಯಾಮ. ಜಪಾನ್ ಹೊರದೇಶದವರಿಗೆ ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲೂ ಡಚ್ಚರ ಹಡಗಿನಲ್ಲಿ ಬಂದ ಬಟ್ಟೆಯನ್ನು ಇಲ್ಲಿನ ರೇಷ್ಮೆ ವ್ಯಾಪಾರಿಗಳು ಕೊಂಡು ದೇವರ ತೇರಿಗೆ ಹೊದಿಸಿದರು. ಪರ್ಷಿಯಾದ, ಚೀನದ ಗಂಬಳಿಗಳ ಜೊತೆ ಭಾರತದವೂ ಇವೆ. ಅವುಗಳಲ್ಲಿ ಹಲವು ನಮ್ಮ ದಖ್ಖನ್ ಸೀಮೆಯಲ್ಲಿ ನೇಯ್ದವೆಂದು ಜವಳಿ ತಜ್ಞರು ಗುರುತಿಸಿದ್ದಾರೆ. ನೇಯ್ದ ಕೈಗಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಆ ಕೆಂಪು ಅಂಚಿನ ಮುಂದೆ ನಾನು ಬಹಳ ಹೊತ್ತು ನಿಂತೆ.

17ರ ಬೆಳಿಗ್ಗೆ ಒಂಬತ್ತಕ್ಕೆ ಮೆರವಣಿಗೆ. ಮುಂದೆ ಯಾವಾಗಲೂ ನಗಿನಾತ ತೇರು. ಅದರ ಮೇಲೆ ಚಿನ್ನದ ಕಿರೀಟ ತೊಟ್ಟ ಪುಟ್ಟ ಹುಡುಗ ಕತ್ತಿ ಬೀಸಿ ರಸ್ತೆಗಡ್ಡ ಕಟ್ಟಿದ ಹಗ್ಗ ಕಡಿದ ಮೇಲೆಯೇ ಉಳಿದವು ಮುಂದೆ ಸಾಗಬೇಕು. ಜನ ಉಸಿರು ಬಿಗಿಹಿಡಿಯುವುದು ಶಿಜೊ ಕವಾರಮಚಿ ಕೂಡುರಸ್ತೆಯಲ್ಲಿ. ತೇರಿನ ಗಾಲಿ ನೆಟ್ಟಗೆ ಉರುಳಬಲ್ಲದೇ ಹೊರತು ತಿರುಗಲಾರದು. ಹಸಿ ಬಿದಿರಿನ ಸೀಳುಗಳನ್ನು ಗಾಲಿಯ ಕೆಳಗೆ ಹಾಸಿ, ಬಕೆಟ್ಟಿನಲ್ಲಿ ನೀರು ಸುರಿದು ಜಾರುವಂತೆ ಮಾಡುತ್ತಾರೆ. ಹಗ್ಗ ಹಿಡಿದವರೆಲ್ಲ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಮುಂಭಾಗದಲ್ಲಿ ನಿಂತವರು ಬೀಸಣಿಗೆ ಚಾಚಿ ಕೂಗು ಹಾಕಿದೊಡನೆ ಒಮ್ಮೆಗೇ ಜಗ್ಗುತ್ತಾರೆ. ಮರ ನರಳುತ್ತದೆ, ತುದಿಯ ಭರ್ಜಿ ಆಕಾಶದಲ್ಲಿ ಓಲಾಡುತ್ತದೆ, ಗಾಲಿ ಬಿದಿರಿನ ಮೇಲೆ ಪಕ್ಕಕ್ಕೆ ಜಾರುತ್ತದೆ. ಮತ್ತೆ ಬಿದಿರು, ಮತ್ತೆ ನೀರು, ಮತ್ತೆ ಜಗ್ಗು. ತೇರು ಉತ್ತರಕ್ಕೆ ಮುಖ ಮಾಡಿದಾಗ ಎದ್ದ ಚಪ್ಪಾಳೆಯಲ್ಲಿ ನನ್ನದೂ ಇತ್ತು.

ಈ ತೇರುಗಳು ಉಳಿದದ್ದು ಅಲ್ಲಿಯ ಕೇರಿಗಳ ಹಟದಿಂದ. 1467ರಲ್ಲಿ ಶುರುವಾದ ಓನಿನ್ ಯುದ್ಧ ಊರನ್ನೇ ಸುಟ್ಟಿತು. 1500ರಲ್ಲಿ ಜನ ಮತ್ತೆ ಹಬ್ಬ ಎಬ್ಬಿಸಿದರು. 1864ರ ಬೆಂಕಿಯಲ್ಲಿ ಹೋದ ಓಫುನೆ ಎಂಬ ಹಡಗಿನಾಕಾರದ ತೇರು 2014ರಲ್ಲಿ ಮೆರವಣಿಗೆಗೆ ಮರಳಿತು. 1826ರ ಬಿರುಗಾಳಿ ಮಳೆಗೆ ಹಾಳಾದ ತಕಾ ತೇರಂತೂ 196 ವರ್ಷಗಳ ನಂತರ, 2022ರಲ್ಲಿ ಬೀದಿಗಿಳಿಯಿತು. ತೇರೇ ಇಲ್ಲದ ಕಾಲದಲ್ಲೂ ಆ ಕೇರಿಯವರು ಅದರ ಮೂರ್ತಿಗಳನ್ನು ಹೊರಗಿಟ್ಟು ಪೂಜಿಸುತ್ತಲೇ ಬಂದಿದ್ದರು. ಇಷ್ಟು ದೀರ್ಘವಾದ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋಗುವ ಮನಸ್ಸಿದ್ದವರು 24ರ ಮೆರವಣಿಗೆಯನ್ನು ಬಿಡಬೇಡಿ. ಜನಜಂಗುಳಿ ಕಡಿಮೆ, ಹಿಂದಿನ ರಾತ್ರಿಗಳಲ್ಲಿ ತಿಂಡಿ ಅಂಗಡಿಗಳ ಗಲಾಟೆಯೂ ಇರುವುದಿಲ್ಲ. ಸಾಧ್ಯವಾದರೆ ನಾಲ್ಕಾರು ದಿನ ಮೊದಲೇ ತಲುಪಿ ಹಗ್ಗ ಕಟ್ಟುವುದನ್ನು ನೋಡಿ. ತೇರಿನ ಬಳಿ ಬಿದಿರೆಲೆ ಸುತ್ತಿದ ಚಿಮಾಕಿ ಸಿಗುತ್ತದೆ. ತಿನ್ನುವ ವಸ್ತುವಲ್ಲ, ಬಾಗಿಲಿಗೆ ಕಟ್ಟುವ ರಕ್ಷೆ. ದಾರಿಹೋಕನಾಗಿ ಬಂದ ದೇವರಿಗೆ ಅನ್ನವಿಟ್ಟು ಮಲಗಲು ಜಾಗ ಕೊಟ್ಟ ಸೊಮಿನ್ ಶೋರೈ ಎಂಬ ಬಡವನ ವಂಶದವರು ಈ ಮನೆಯಲ್ಲಿದ್ದಾರೆ ಎಂದು ಅದರ ಚೀಟಿ ಸಾರುತ್ತದೆ. ಕ್ಯೋತೊ ಜನ ಅದನ್ನು ಮುಂದಿನ ಜುಲೈವರೆಗೆ ಬಾಗಿಲ ಮೇಲೆಯೇ ಬಿಟ್ಟಿರುತ್ತಾರೆ.