ಮರಕ್ಕೆ ಬಿಸಿ ಬೇಕೋ, ನೀರು ಬೇಕೋ?

ಮಕ್ಕಳೇ, ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ನೀವು ನೋಡಿದ್ದೀರಾ? ಸುಮಾರು 54 ಎಕರೆಯ ಆ ತೋಪಿನಲ್ಲಿ ಹತ್ತಿರ ಹತ್ತಿರ 300 ಮರಗಳಿವೆ. ಕೆಲವು ಮರಗಳಿಗೆ 400 ವರ್ಷ ದಾಟಿದೆ ಎನ್ನುತ್ತಾರೆ. 2007ರಲ್ಲಿ ಇದು ನಮ್ಮ ದೇಶದ ಮೊದಲ 'ಜೀವವೈವಿಧ್ಯ ಪಾರಂಪರಿಕ ತಾಣ'ವಾಯಿತು.

ಒಮ್ಮೆ ಏಪ್ರಿಲ್ ತಿಂಗಳ ಮಧ್ಯಾಹ್ನ ನಾನು ಅಲ್ಲಿಗೆ ಹೋಗಿದ್ದೆ. ರಸ್ತೆಯ ಡಾಂಬರಿನ ಬಿಸಿ ಚಪ್ಪಲಿ ದಾಟಿ ಕಾಲಿಗೆ ತಾಗುತ್ತಿತ್ತು. ತೋಪಿನೊಳಗೆ ಬಂದೊಡನೆ ಹಾಯೆನಿಸಿತು. ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಹಾರಿಹೋಯಿತು. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಅಲ್ಲಿಂದೀಚೆಗೆ ಸುತ್ತಮುತ್ತ ಎಷ್ಟೊಂದು ರಸ್ತೆ, ಎಷ್ಟೊಂದು ಕಟ್ಟಡ! ಊರು ಬೆಳೆದು ಬಿಸಿಯಾದರೆ ಈ ಅಜ್ಜ ಮರಗಳ ಗತಿಯೇನು ಎಂಬ ಚಿಂತೆ ನನಗಾಯಿತು.

ಊರು ಏಕೆ ಬಿಸಿಯಾಗುತ್ತದೆ? ಡಾಂಬರು, ಸಿಮೆಂಟು ಹಗಲಿಡೀ ಬಿಸಿಲನ್ನು ಹೀರಿ ರಾತ್ರಿ ನಿಧಾನವಾಗಿ ಬಿಡುತ್ತವೆ. ಎಲೆಗಳಿಂದ ನೀರಾವಿ ಹೊರಬಂದಾಗ ಗಾಳಿ ತಂಪಾಗುತ್ತದೆ. ಮರ ಕಡಿಮೆಯಾದರೆ ಆ ತಂಪೂ ಕಡಿಮೆ. ಇದರ ಜೊತೆಗೆ ಇಡೀ ಭೂಮಿಯೇ ಬಿಸಿಯಾಗುತ್ತಿದೆ.

ಉತ್ತರದ ಚಳಿನಾಡುಗಳಲ್ಲಿ ಮರ ಚಳಿಗಾಲದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಕಾಂಡದೊಳಗೆ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ಅಗಲವಾದ ಉಂಗುರವೆಂದರೆ ಆ ವರ್ಷ ಬೆಳವಣಿಗೆ ಚೆನ್ನಾಗಿತ್ತು ಎಂದರ್ಥ. ಮರ ಕಡಿಯದೆ, ಪೆನ್ಸಿಲಿನಷ್ಟು ಸಣ್ಣ ತುಂಡನ್ನು ಕೊರೆದು ತೆಗೆದು ಉಂಗುರ ಎಣಿಸಬಹುದು. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ಜಗತ್ತಿನ 10 ನಗರಗಳಲ್ಲಿ ಹೀಗೆಯೇ ನೋಡಿ, 2017ರಲ್ಲಿ ವರದಿ ಪ್ರಕಟಿಸಿದರು. 1960ರ ದಶಕದಿಂದೀಚೆಗೆ ಮರಗಳು ಮೊದಲಿಗಿಂತ ಬೇಗ ಬೆಳೆಯುತ್ತಿವೆ ಎಂದು ತಿಳಿಯಿತು. ಚಳಿಯ ಊರಿನಲ್ಲಿ ಬಿಸಿ ಹೆಚ್ಚಿದರೆ ಬೆಳೆಯುವ ದಿನಗಳೂ ಹೆಚ್ಚುತ್ತವೆ.

ಹಾಗಾದರೆ ಬಿಸಿ ಒಳ್ಳೆಯದೇ? ಅವಸರಪಡಬೇಡಿ. ಬೇಗ ಬೆಳೆದ ಮರ ಬೇಗ ಮುಪ್ಪಾಗಲೂಬಹುದು. ಅದೂ ಅಲ್ಲದೆ ನಮ್ಮ ಊರಿನಲ್ಲಿ ಬಿಸಿಗೇನು ಬರ? ಬರವಿರುವುದು ನೀರಿಗೆ. ದೇವನಹಳ್ಳಿ, ಹೊಸಕೋಟೆಗಳಲ್ಲಿ ಕೊಳವೆಬಾವಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಮನೆಯ ಹಿರಿಯರನ್ನು ಕೇಳಿ. ಮಣ್ಣು ಒಣಗಿದಾಗ ಮರ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಗಾಳಿಯೂ ಒಳಬರದೆ ಆಹಾರ ತಯಾರಿ ನಿಲ್ಲುತ್ತದೆ. ಅಲ್ಲಿ ಬೆಳೆಸುವ ಬಿಸಿಯೇ ಇಲ್ಲಿ ಬಾಯಾರಿಸುತ್ತದೆ!

ನಲ್ಲೂರಿನ ಟೊಳ್ಳು ಕಾಂಡಗಳಲ್ಲಿ ಎಣಿಸಲು ಒಳಗಿನ ಉಂಗುರಗಳೇ ಉಳಿದಿಲ್ಲ. ಆದರೆ ನಿಮ್ಮ ಶಾಲೆಯ ಮರದ ಲೆಕ್ಕ ಇಡಲು ಟೇಪು ಸಾಕು. ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು, ದಿನಾಂಕದೊಡನೆ ಬರೆದಿಡಿ. ಪ್ರತಿವರ್ಷ ಅದೇ ತಿಂಗಳು ಅಳೆಯಿರಿ. ಬುಡದ ಸುತ್ತ ಮಣ್ಣಿದೆಯೋ, ಸಿಮೆಂಟಿದೆಯೋ ಅದನ್ನೂ ಬರೆಯಿರಿ. ಸಿಮೆಂಟಿದ್ದರೆ ಮಳೆನೀರು ಬೇರಿಗೆ ಹೇಗೆ ಇಳಿದೀತು? ನಿಮ್ಮ ಗುರುಗಳೊಡನೆ ಯೋಚಿಸಿ.